ಸರ್ಕಾರಕ್ಕೆ ಗೊತ್ತಿಲ್ಲದ ನಮ್ಮ ಕಾಕಾ

ನಮ್ಮ ಕಾಕಾನ ಮೇಲೆ ಸರ್ಕಾರ ಹಗಲೂ ರಾತ್ರಿ ಕಣ್ಣಿಟ್ಟಿದೆ. ಈ ವಿಷಯ ಕಾಕಾನಿಗೆ ಗೊತ್ತು, ನಮ್ಮ ಮನೆಯವರಿಗೆಲ್ಲ ಗೊತ್ತು, ರಾಯಚೂರಿನ ಅವರ ಓಣಿಗೆ ಹಾಲು ಹಾಕುವವನಿಗೂ ಗೊತ್ತು. ಗೊತ್ತಿಲ್ಲದಿರುವುದು ಸರ್ಕಾರಕ್ಕೆ ಮಾತ್ರ!

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಹೆಸರು ಹೇಳುವಂತಿಲ್ಲ. ಹೇಳಿದೆನೆಂದುಕೊಳ್ಳಿ, ಇದನ್ನು ಓದಿ ಸರ್ಕಾರ ನಿಜವಾಗಿಯೂ ಕಣ್ಣಿಟ್ಟರೆ ಏನು ಗತಿ? ಅಥವಾ ಓದಿದ ಮೇಲೂ ಕಣ್ಣಿಡದೇ ಹೋದರೆ? ಆಗ ಕಾಕಾನಿಗಾಗುವ ಬೇಸರವನ್ನು ಸಮಾಧಾನ ಮಾಡಲು ನಮ್ಮ ವಂಶದಲ್ಲಿ ಯಾರಿಂದಲೂ ಆಗುವುದಿಲ್ಲ.

ಹುಟ್ಟಾ ಹೋರಾಟಗಾರರೇನೂ ಅಲ್ಲ ಅವರು. ದೇವದುರ್ಗದಲ್ಲಿ ವರ್ಷಾನುಗಟ್ಟಲೆ ಟೈಪಿಂಗ್ ಶಾಲೆ ನಡೆಸಿದವರು. ಆ ಶಾಲೆಯ ಮುಂದೆ ಹಾದುಹೋದರೆ ಒಳಗೆ ಆಲಿಕಲ್ಲು ಮಳೆ ಬೀಳುತ್ತಿದೆ ಅನ್ನಿಸುತ್ತಿತ್ತು. ಕಾಕಾ ಚಪ್ಪಾಳೆ ತಟ್ಟಬೇಕು, ಎಲ್ಲ ಹುಡುಗರೂ ಒಂದೇ ಅಕ್ಷರವನ್ನು ಒಂದೇ ಸಲ ಕುಟ್ಟಬೇಕು. ಕೀಲಿಗಳ ಮೇಲೆ ಬಟ್ಟೆ ಹೊದಿಸಿರುತ್ತಿತ್ತು. ಬಟ್ಟೆ ಎತ್ತಿ ಇಣುಕಿದವರ ಬೆರಳಿಗೆ ಸ್ಕೇಲಿನ ಏಟು. ಸುತ್ತಲಿನ ಜಾಲಹಳ್ಳಿ, ಗೂಗಲ್ ಎಂಬ ಊರುಗಳಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗರು ಮನೆಗೆ ಹೋದ ಮೇಲೂ ತೊಡೆಯ ಮೇಲೆ ಬೆರಳು ಕುಟ್ಟುತ್ತ ಕೂಡುತ್ತಿದ್ದರಂತೆ. ಇಂಥ ಮನುಷ್ಯ ಮುಂದೊಂದು ದಿನ ವ್ಯಕ್ತಿಸ್ವಾತಂತ್ರ್ಯದ ಪಕ್ಷ ವಹಿಸುತ್ತಾರೆಂದು ಆಗ ಯಾರಾದರೂ ಹೇಳಿದ್ದರೆ ಆ ಟೈಪ್‌ರೈಟರುಗಳೇ ನಕ್ಕುಬಿಡುತ್ತಿದ್ದವು.

ಕಂಪ್ಯೂಟರ್ ಬಂತು, ಶಾಲೆ ಮುಚ್ಚಿತು. ಕಾಕಾ ಮತ್ತು ಕಾಕಿ ರಾಯಚೂರಿಗೆ ಬಂದು ಮನೆ ಕಟ್ಟಿ, ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಟ್ಟರು. ಅಲ್ಲಿದ್ದ ಎಂಜಿನಿಯರ್ ಹುಡುಗನೊಬ್ಬ ವರ್ಗವಾಗಿ ಹೋಗುವಾಗ ಒಂದು ಚೀಲ ಇಂಗ್ಲಿಷ್ ಕಾದಂಬರಿಗಳನ್ನು ಬಿಟ್ಟುಹೋದ. ಭಜಿ ಅಂಗಡಿಗೆ ಹಾಕಿಬಿಡೋಣ, ಪೊಟ್ಟಣ ಕಟ್ಟಲಿಕ್ಕಾದರೂ ಆಗುತ್ತದೆ ಎಂದು ಕಾಕಿ ಹೇಳಿದರು. ಆ ಮಾತನ್ನು ಅವತ್ತೇ ಕೇಳಬೇಕಿತ್ತು. ಕಾಕಾ ಒಂದು ಪುಸ್ತಕ ತೆರೆದರು. ಕೆಟ್ಟಿತು ನೋಡಿ ಅಲ್ಲಿಗೆ!

ಚೀಲದಲ್ಲಿದ್ದವು ಎಲ್ಲವೂ ಒಂದೇ ಜಾತಿಯ ಕಾದಂಬರಿಗಳು. ಮುಂದೆಂದೋ ಬರುವ ಕಾಲ, ಯಾವುದೋ ದೇಶ, ಅಲ್ಲಿ ಉಸಿರು ಬಿಡಲಿಕ್ಕೂ ಮೇಲಿನವರ ಅಪ್ಪಣೆ ಬೇಕು. ಒಂದರಲ್ಲಿ ಊರಿನ ಎಲ್ಲ ಮನೆಗಳ ಕಿಟಕಿಯೂ ಒಂದೇ ದಿಕ್ಕಿಗಿರಬೇಕು. ಇನ್ನೊಂದರಲ್ಲಿ ಬೆಳಿಗ್ಗೆ ಎದ್ದು ಕಚೇರಿಗೆ ಹೋಗಿ ಹಿಂದಿನ ರಾತ್ರಿ ಬಿದ್ದ ಕನಸನ್ನು ವರದಿ ಮಾಡಬೇಕು, ಒಪ್ಪಿಗೆಯಿಲ್ಲದ ಕನಸಾದರೆ ಶಿಕ್ಷೆ. ಇಂಥವಕ್ಕೆ ಡಿಸ್ಟೋಪಿಯಾ ಎನ್ನುತ್ತಾರಂತೆ. ಕಾಕಿ ಪೀಡೆ ಎನ್ನುತ್ತಾರೆ. ಕಾಕಾನಿಗಂತೂ ಮೊದಲನೆಯ ಪುಸ್ತಕ ಮುಗಿಯುವವರೆಗೂ ಅದು ಕಟ್ಟುಕಥೆಯೆಂದೇ ತಿಳಿದಿರಲಿಲ್ಲ. ಯಾವುದೋ ದೇಶದ ಸುದ್ದಿ ಎಂದುಕೊಂಡು, ಆ ಕಿಟಕಿಯ ಜನರ ದುಃಖಕ್ಕಾಗಿ ಒಂದು ಹೊತ್ತಿನ ಊಟ ಬಿಟ್ಟಿದ್ದರು. ಕಥೆಯೆಂದು ಗೊತ್ತಾದ ಮೇಲೆ ಸಿಟ್ಟು ಬಂದು ಆ ಹೊತ್ತಿನದನ್ನೂ ಸೇರಿಸಿ ಉಂಡರಂತೆ.

ಊಟ ಮಾಡಿದರೂ ಪಾಠ ಬಿಡಲಿಲ್ಲ. ಎಲ್ಲರೂ ಒಂದೇ ಕಡೆ ಹೊರಟರೆ ನೀನು ನಿಂತು ವಿಚಾರ ಮಾಡು, ಇದು ಆ ಪುಸ್ತಕಗಳಿಂದ ಅವರು ಕಲಿತ ಮೊದಲ ಪಾಠ. ಮೊದಲ ಪ್ರಯೋಗ ನಡೆದದ್ದು ಟ್ರಾಫಿಕ್ ಸಿಗ್ನಲ್ಲಿನಲ್ಲಿ! ಹಸಿರು ದೀಪ ಬಿತ್ತು, ಎಲ್ಲರೂ ಹೊರಟರು, ಕಾಕಾ ಸ್ಕೂಟರಿನ ಮೇಲೆ ಕೂತು ವಿಚಾರ ಮಾಡಿದರು. ಹಿಂದಿದ್ದ ಆಟೋದವರು ದಖನಿ ಉರ್ದುವಿನಲ್ಲಿ ಅವರಿಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಆ ಮಾತುಗಳಲ್ಲಿ ಯಾರ ಅಪ್ಪಣೆಗೂ ಕಾಯದ ಪೂರ್ಣ ವಾಕ್ ಸ್ವಾತಂತ್ರ್ಯವಿತ್ತು ಎಂದು ಕಾಕಾನೇ ಒಪ್ಪಿಕೊಂಡರು.

ಆಮೇಲೆ ಅವರ ಕಣ್ಣು ಬಿದ್ದದ್ದು ಒಗ್ಗರಣೆ ಮಿರ್ಚಿಯ ಮೇಲೆ. ನಮ್ಮ ಕಡೆ ಬೆಳಗಾಯಿತೆಂದರೆ ಗೊತ್ತಲ್ಲ? ಒಂದು ತಟ್ಟೆಯಲ್ಲಿ ಮಂಡಾಳು, ಅಂದರೆ ಮಂಡಕ್ಕಿಯ ಹಳದಿ ಒಗ್ಗರಣೆ, ಅದರ ಮೇಲೆ ಎರಡು ಬಿಸಿ ಮಿರ್ಚಿ ಭಜಿ. ಶ್ರೀಮಂತ, ಬಡವ, ಮೇಷ್ಟ್ರು, ಹಮಾಲ, ಎಲ್ಲರೂ ಅದನ್ನೇ ತಿನ್ನುತ್ತಾರೆ. ಇಷ್ಟು ಜನಕ್ಕೆ ಇದನ್ನೇ ತಿನ್ನಿ ಎಂದು ಹುಕುಂ ಕೊಟ್ಟವರು ಯಾರು ಎಂಬುದು ಕಾಕಾನ ಪ್ರಶ್ನೆ. ಓಣಿಯ ತುದಿಯ ಹೋಟೆಲಿನಲ್ಲಿ ಕೂತು ಒಗ್ಗರಣೆ ಒಲ್ಲೆ ಎಂದರು. ಹೋಟೆಲಿನ ಸಾಬರು ಏನು ಬೇಕು ಎಂದು ಕೇಳಿದರೆ, ಬೇರೆ ಏನಾದರೂ ಎಂದರು. ಅಲ್ಲಿ ಬೇರೆ ಏನೂ ಇರಲಿಲ್ಲ. ಒಂದಷ್ಟು ದಿನ ಬರೀ ಚಹಾ ಕುಡಿದು, ಪಕ್ಕದವರ ತಟ್ಟೆಯಿಂದ ಬರುವ ಘಮಕ್ಕೆ ಮುಖ ತಿರುಗಿಸಿ ಕೂತರು. ಸಾಬರಿಗೆ ಕಡೆಗೆ ಕರುಣೆ ಬಂತು.

"ಕಾಕಾ, ಮಿರ್ಚಿ ತಿನ್ರಿ. ಆಜಾದಿದು ಸಂಜಿಗೆ ನೋಡೋಣು," ಎಂದರು.

ಕಾಕಾ ಕಣ್ಣು ಮುಚ್ಚಿ ಕೊಂಚ ಹೊತ್ತು ಕೂತರು. ಆಮೇಲೆ, ತಾನು ಯಾರ ಒತ್ತಡಕ್ಕೂ ಒಳಗಾಗದೆ ಸ್ವತಂತ್ರವಾಗಿ ವಿಚಾರ ಮಾಡಿದ್ದಾಗಿಯೂ, ಮಿರ್ಚಿ ತಿನ್ನಬೇಕೆಂಬುದು ತನ್ನ ಸ್ವಂತ ನಿರ್ಧಾರವೆಂದೂ ಇಡೀ ಹೋಟೆಲಿಗೆ ಕೇಳುವಂತೆ ಹೇಳಿ ನಾಲ್ಕು ಮಿರ್ಚಿ ತರಿಸಿಕೊಂಡರು.

ನಮ್ಮ ಬಂಧುಬಳಗದ ವಾಟ್ಸಾಪ್ ಗುಂಪಿನಿಂದ ಅವರು ಗಡಿಪಾರಾದ ಕಥೆಯೂ ಇಂಥದ್ದೇ. ಆ ಗುಂಪಿನಲ್ಲಿ ಯಾರದಾದರೂ ಹುಟ್ಟುಹಬ್ಬ ಬಂದರೆ ಮೊದಲು ಒಬ್ಬರು ಒಂದು ಕೇಕು, ಎರಡು ಗುಲಾಬಿ, ಮುಗಿದ ಕೈ ಹಾಕುತ್ತಾರೆ. ಉಳಿದವರೆಲ್ಲ ಅದನ್ನೇ ಎತ್ತಿ ಎತ್ತಿ ಅಂಟಿಸುತ್ತಾರೆ. ಅದರಲ್ಲಿ ಯಾರ ಮನಸ್ಸೂ ಇಲ್ಲ, ಬರೀ ಹೆಬ್ಬೆರಳು ಇದೆ ಎಂದು ಕಾಕಾನ ತಕರಾರು. ನನ್ನ ಇನ್ನೊಬ್ಬ ಚಿಕ್ಕಪ್ಪನ ಮಗನ ಹುಟ್ಟುಹಬ್ಬಕ್ಕೆ ಸ್ವಂತ ಮನಸ್ಸಿನಿಂದ ಬರೆದರು: ನೀನು ಹುಟ್ಟಿದ ದಿನ ಚೆನ್ನಾಗಿ ನೆನಪಿದೆ, ನಿಮ್ಮಪ್ಪ ಆಸ್ಪತ್ರೆಗೆ ಬಂದಿರಲಿಲ್ಲ, ಎಲ್ಲಿಗೆ ಹೋಗಿದ್ದನೆಂದು ಇವತ್ತಿಗೂ ಹೇಳಿಲ್ಲ, ಇರಲಿ, ನೂರು ವರ್ಷ ಬಾಳು! ಆ ಮನೆಯಲ್ಲಿ ಅವತ್ತು ಕೇಕು ಕತ್ತರಿಸಲಿಲ್ಲ. ಸಂಜೆಯೊಳಗೆ ಕಾಕಾನನ್ನು ಗುಂಪಿನಿಂದ ತೆಗೆದುಹಾಕಿದರು. ತಾನು ಓದಿದ ಎಲ್ಲ ಕಾದಂಬರಿಗಳಲ್ಲೂ ಸತ್ಯ ಹೇಳಿದವನಿಗೆ ಇದೇ ಗತಿಯಾಗಿದೆ ಎಂದು ಕಾಕಾ ಆ ದಿನ ಬಹಳ ಸಂತೋಷದಲ್ಲಿದ್ದರು. ಕಾಕಿಯನ್ನು ಮಾತ್ರ ಗುಂಪಿನಲ್ಲಿ ಉಳಿಸಿದ್ದರು. ಈಗ ಅವರ ಫೋನಿನಲ್ಲಿ ಕದ್ದು ಓದುತ್ತಾರೆ. ಭೂಗತರಾಗಿದ್ದಾರಂತೆ!

ಹೀಗೆ ನಗುತ್ತಲೇ ಇರಬಹುದಿತ್ತು. ಆದರೆ ನನ್ನ ಮನೆಯಲ್ಲಿ ಈ ವರ್ಷ ನಗಲಾಗದ ಒಂದು ಸಂಗತಿ ನಡೆಯುತ್ತಿತ್ತು.

ನನ್ನ ಮಗಳು ಎಡಚಿ. ಈಗ ಒಂದನೆಯ ತರಗತಿ. ಬರೆಯುವುದು, ಚೆಂಡು ಎಸೆಯುವುದು, ಬೆಕ್ಕಿನ ಬಾಲ ಎಳೆಯುವುದು, ಎಲ್ಲ ಎಡಗೈಯಲ್ಲೇ. ಉಣ್ಣುವುದೂ. ನನ್ನ ಅತ್ತೆಗೆ ಉಳಿದದ್ದೆಲ್ಲ ನಡೆಯುತ್ತಿತ್ತು, ಊಟ ನಡೆಯುತ್ತಿರಲಿಲ್ಲ. ಅತ್ತೆ ಕೆಟ್ಟವರಲ್ಲ, ಮೊಮ್ಮಗಳೆಂದರೆ ಪ್ರಾಣ. ನಾಳೆ ನಾಲ್ಕು ಜನ ಆಡಿಕೊಳ್ಳಬಾರದಲ್ಲ ಎಂಬುದೊಂದೇ ಅವರ ಚಿಂತೆ. ಮೊದಲು ಬುದ್ಧಿ ಹೇಳಿದರು. ಆಮೇಲೆ ಎಡಗೈಗೆ ಕರವಸ್ತ್ರ ಕಟ್ಟಿದರು. ಆಮೇಲೆ ಪ್ರತಿ ತುತ್ತಿಗೂ ಕಣ್ಣಿಟ್ಟರು. ಮಗಳು ಬಲಗೈಯಲ್ಲಿ ನಾಲ್ಕು ಅಗುಳು ಕೆದರಿ, ಸಾಕು ಎಂದು ಏಳತೊಡಗಿದಳು. ಬರಬರುತ್ತ ಯಾರಾದರೂ ನೋಡುತ್ತಿದ್ದರೆ ಉಣ್ಣುವುದನ್ನೇ ಬಿಟ್ಟಳು. ಶಾಲೆಯ ಡಬ್ಬಿ ತುಂಬಿದ್ದು ತುಂಬಿದಂತೆ ವಾಪಸು ಬರುತ್ತಿತ್ತು. ಒಂದು ದಿನ ಅಡುಗೆಮನೆಗೆ ಹೋದರೆ ಹಿಟ್ಟಿನ ಡಬ್ಬಿಯ ಹಿಂದೆ ಗೋಡೆಗೆ ಮುಖ ಮಾಡಿ ಕೂತು ಗಬಗಬ ರೊಟ್ಟಿ ತಿನ್ನುತ್ತಿದ್ದಾಳೆ. ನನ್ನನ್ನು ಕಂಡವಳೇ ಎಡಗೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟಳು. ಅತ್ತೆಯೊಂದಿಗೆ ಜಗಳವಾಡಿದೆ, ಗಂಡನೊಂದಿಗೆ ಜಗಳವಾಡಿದೆ. ಗಂಡ ಪೇಪರಿನ ಹಿಂದೆ ಅಡಗಿದರು, ಅತ್ತೆ ದೇವರ ಮನೆ ಸೇರಿದರು. ಹುಡುಗಿ ಮಾತ್ರ ಸೊರಗುತ್ತಲೇ ಹೋದಳು.

ಕಾಕಾ ಪ್ರತಿ ಭಾನುವಾರ ನಮ್ಮ ಮನೆಗೆ ಬಂದು ಅವಳನ್ನು ತಮ್ಮ ಓಣಿಗೆ ಕರೆದುಕೊಂಡು ಹೋಗುತ್ತಿದ್ದರು. ಆ ಓಣಿಯ ಮೂಲೆಯ ಕಂಬಕ್ಕೆ ಅಲ್ಲಿನ ನಿವಾಸಿಗಳ ಸಂಘದವರು ಒಂದು ಕ್ಯಾಮೆರಾ ಕೂರಿಸಿದ್ದರು. ಕಾಕಾನ ಬಾಳಿಗೆ ಒಂದು ಅರ್ಥ ಬಂದದ್ದು ಆಗಲೇ ಎನ್ನಬೇಕು! ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಕೈ ಮುಗಿದು, ಇವತ್ತು ಎಲ್ಲಿಗೆ ಹೋಗುತ್ತಿದ್ದೇನೆ, ಯಾಕೆ ಹೋಗುತ್ತಿದ್ದೇನೆ ಎಂದು ಹೇಳಿ ಹೋಗುವುದು. ಮುಚ್ಚಿಟ್ಟು ಬದುಕುವುದಕ್ಕಿಂತ ಎದುರಿಗೇ ಹೇಳಿ ಬದುಕುವುದು ಧೈರ್ಯವಂತೆ. ಸಜ್ಜಿಗೆ ರವೆ ತರುತ್ತೇನೆ ಎಂದು ಕ್ಯಾಮೆರಾಕ್ಕೆ ಹೇಳಿ ಹೋಗಿ, ಮರೆತು ಬರಿಗೈಯಲ್ಲಿ ಬಂದಾಗ ಕಾಕಿ ಕೇಳಿದ್ದೂ ಉಂಟು: ಅದನ್ನೇ ಕೇಳಿ ನೋಡಿ, ಏನು ತರಬೇಕಿತ್ತೆಂದು ಅದಕ್ಕಾದರೂ ನೆನಪಿರಬಹುದು!

ಮಗಳು ಒಂದು ಭಾನುವಾರ ಕ್ಯಾಮೆರಾದ ಮುಂದೆ ನಿಂತು ಸಣ್ಣ ದನಿಯಲ್ಲಿ ಕೇಳಿದಳಂತೆ. "ತಾತಾ, ನಾ ಯಾವ ಕೈಲೆ ಉಣ್ತೀನಿ ಅಂತ ಇದಕ್ಕ ಕಾಣ್ತದೇನು?"

ಕಾಕಾ ಅವಳ ಕೈ ಹಿಡಿದು ಹೊರಟರು. ಸೀದಾ ಸಂಘದ ಕಾರ್ಯದರ್ಶಿಯ ಮನೆಗೆ ಹೋಗಿ ಕ್ಯಾಮೆರಾಕ್ಕೆ ಏನೇನು ಕಾಣುತ್ತದೆ ಎಂದು ವಿಚಾರಿಸಿದರು. ಆ ಪುಣ್ಯಾತ್ಮ ಅತ್ತಿತ್ತ ನೋಡಿ, ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿ, ಅದು ಬರೀ ಖಾಲಿ ಡಬ್ಬಿ, ಕಳ್ಳರು ಹೆದರಲಿ ಎಂದು ಕೂರಿಸಿದ್ದು, ಒಳಗೆ ಏನೂ ಇಲ್ಲ ಎಂದ. ಮಗಳು ಕುಣಿದಾಡಿದಳು. ಕಾಕಾ ಎರಡು ದಿನ ಆ ಮೂಲೆಯ ಕಡೆ ತಲೆಯನ್ನೂ ಹಾಕಲಿಲ್ಲ. ಹಾಗಾದರೆ ಇಷ್ಟು ದಿನ ತಾನು ಕೈ ಮುಗಿದದ್ದು ಯಾರಿಗೆ? ಪಾಪ, ತಮ್ಮ ಮೇಲೆ ಕಣ್ಣಿಟ್ಟಿದ್ದ ಒಂದೇ ಒಂದು ವಸ್ತುವೂ ಕುರುಡಾಗಿತ್ತು!

ಈ ನಡುವೆ ನನ್ನ ಮೈದುನನ ಮದುವೆ ನಿಶ್ಚಯವಾಯಿತು. ಗಂಡನ ಮನೆಯವರು ಮೂಲತಃ ಮಾನ್ವಿಯವರಾದ್ದರಿಂದ ಮದುವೆಯೂ ಅಲ್ಲಿಯೇ. ಹುಡುಗಿ ಪೋತ್ನಾಳದವಳು, ಗದ್ದೆ ತೋಟ ಇರುವ ದೊಡ್ಡ ಮನೆತನ. ಅತ್ತೆಗೆ ಸಡಗರದ ಜೊತೆಗೆ ದಿಗಿಲೂ ಹಿಡಿಯಿತು. ಹೊಸ ಬೀಗರ ಎದುರು ಪಂಕ್ತಿಯಲ್ಲಿ ಮೊಮ್ಮಗಳು ಎಡಗೈ ಹಾಕಿದರೆ? ಬಲಗೈಯಲ್ಲಿ ಉಣ್ಣುವುದಾದರೆ ಪಂಕ್ತಿಯಲ್ಲಿ ಕೂಡಲಿ, ಇಲ್ಲವಾದರೆ ಹಿಂದಿನ ಕೋಣೆಯಲ್ಲಿ ಮೊದಲೇ ಉಣಿಸಿಬಿಡಿ ಎಂದು ತೀರ್ಮಾನ ಕೊಟ್ಟರು. ಮಗಳು ಅದನ್ನು ಬಾಗಿಲ ಮರೆಯಲ್ಲಿ ಕೇಳಿಸಿಕೊಂಡು, ತಾನು ಮದುವೆಗೇ ಬರುವುದಿಲ್ಲ ಎಂದಳು.

ಆ ಭಾನುವಾರ ಕಾಕಾನಿಗೆ ಎಲ್ಲ ಹೇಳಿಕೊಂಡು ಕಣ್ಣೀರು ಹಾಕಿದೆ. ಅವರು ತುಟಿ ಪಿಟಕ್ಕೆನ್ನಲಿಲ್ಲ. ಟ್ರಾಫಿಕ್ ಸಿಗ್ನಲ್ಲಿಗೇ ಪಾಠ ಹೇಳಿದ ಮನುಷ್ಯ ಸುಮ್ಮನಾದರೆ ಯಾರಿಗೆ ಹೆದರಿಕೆಯಾಗುವುದಿಲ್ಲ? ಮಂಟಪದಲ್ಲಿ ಮೈಕು ಬೇರೆ ಇರುತ್ತದೆ! ಮದುವೆಯಲ್ಲಿ ದಯವಿಟ್ಟು ಭಾಷಣ ಮಾಡಬೇಡಿ ಎಂದು ಬೇಡಿಕೊಂಡೆ.

"ಇಲ್ಲವ್ವಾ. ಉಣ್ಣಾಕ ಅಷ್ಟ ಬರ್ತೀನಿ," ಎಂದರು.

ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಧೋತರ. ನನ್ನ ತವರಿನ ಕಡೆಯ ಹಿರಿಯರೆಂದು ಅತ್ತೆ ಎದುರು ಹೋಗಿ ಕರೆತಂದು, ಮೊದಲ ಪಂಕ್ತಿಯ ನಡುವೆ, ಪೋತ್ನಾಳದವರ ಎದುರಿಗೇ ಕೂರಿಸಿದರು. ಕಾಕಾ ಕೂತವರು ಮತ್ತೆ ಎದ್ದರು. ಸೀದಾ ಹಿಂದಿನ ಕೋಣೆಗೆ ಹೋಗಿ, ನಾನು ಹೇಗೋ ಪುಸಲಾಯಿಸಿ ಕರೆತಂದಿದ್ದ ಮಗಳ ಕೈ ಹಿಡಿದು ಬಂದು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅತ್ತೆಯ ಮುಖ ಸಣ್ಣಗಾಯಿತು. ಎಲೆಗೆ ಗೋಧಿ ಹುಗ್ಗಿ ಬಂತು, ಬದನೆಕಾಯಿ ಪಲ್ಯ ಬಂತು, ಅನ್ನ ಸಾರು ಬಂತು. ಮಗಳು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು.

ಕಾಕಾ ಬಲಗೈಯನ್ನು ಅಂಗಿಯ ಬಗಲ ಜೇಬಿಗೆ ತುರುಕಿದರು. ಎಡಗೈಯನ್ನು ಹುಗ್ಗಿಗೆ ಹಾಕಿದರು.

ಟೈಪ್‌ರೈಟರಿನ ಮೇಲೆ ಎರಡೂ ಕೈ ಓಡಿಸುತ್ತಿದ್ದ ಮನುಷ್ಯ ನಿಜ. ಆದರೆ ತುತ್ತು ಎತ್ತುವುದು ಬೇರೆಯೇ ವಿದ್ಯೆ ನೋಡಿ! ಮೊದಲ ತುತ್ತು ಮೀಸೆಗೆ ಹೋಯಿತು. ಎರಡನೆಯದು ಅಂಗಿಯ ಎದೆಯ ಜೇಬಿಗೆ. ಅನ್ನ ಕಲಸಹೋದರೆ ಸಾರು ಮೊಣಕೈಯವರೆಗೆ ಹರಿದು, ಪಕ್ಕದಲ್ಲಿ ಕೂತಿದ್ದ ಯಾರದೋ ರೇಷ್ಮೆ ಶಲ್ಯಕ್ಕೂ ಪಾಲು ಸಿಕ್ಕಿತು. ಇಡೀ ಪಂಕ್ತಿ ಉಣ್ಣುವುದನ್ನು ನಿಲ್ಲಿಸಿ ನೋಡತೊಡಗಿತು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನನ್ನ ಅತ್ತೆ ಅಲ್ಲೇ ಗದರಿಬಿಡುತ್ತಿದ್ದರು. ಆದರೆ ಕಾಕಾ ಅವರಿಗೆ ಬೀಗರು! ನಮ್ಮ ಕಡೆ ಉಣ್ಣಲು ಕೂತ ಬೀಗರಿಗೆ ಎದುರಾಡುವುದುಂಟೆ? ಬೀಗರು ಮುನಿದು ಅರ್ಧ ಊಟದಲ್ಲಿ ಎದ್ದರೆ ಆ ಮಾತು ಮೊಮ್ಮಕ್ಕಳ ಮದುವೆಯವರೆಗೂ ಓಡಾಡುತ್ತದೆ. ಅತ್ತೆ ತುಪ್ಪದ ತಂಬಿಗೆ ಹಿಡಿದು ಬಂದು ನಿಂತು, ಇದ್ದಬದ್ದ ಮರ್ಯಾದೆಯನ್ನೆಲ್ಲ ದನಿಗೆ ತಂದುಕೊಂಡು ಕೇಳಿದರು.

"ಬೀಗರ, ಬಲಗೈಗೆ ಏನರ ಆಗ್ಯದೇನ್ರಿ?"

"ಏನೂ ಆಗಿಲ್ರಿ ಬೀಗತಿ. ಎಡಗೈಲೆ ಉಣ್ಣೂದು ಕಲಿಯಾಕತ್ತೀನಿ. ಕಲಿಸವ್ರು ಬಾಜುಕ ಕುಂತಾರ."

ಮಗಳು ಈಗ ತಲೆ ಎತ್ತಿದಳು. ಕಾಕಾನ ಮೀಸೆ ನೋಡಿದಳು, ಅಂಗಿ ನೋಡಿದಳು. ತುಟಿ ಕಚ್ಚಿ ಹಿಡಿದರೂ ನಗು ತಡೆಯಲಿಲ್ಲ. ಎಷ್ಟೋ ತಿಂಗಳ ಮೇಲೆ ಎಲೆಯ ಮುಂದೆ ಕೂತು ಅವಳು ನಕ್ಕದ್ದನ್ನು ನೋಡಿದೆ.

"ಹಂಗಲ್ಲ ತಾತಾ. ಹೆಬ್ಬಟ್ಟು ಹಿಂದ ಇಡು. ಇಲ್ಲಿ ನೋಡು," ಎಂದವಳೇ ತನ್ನ ಎಡಗೈಯಿಂದ ಹುಗ್ಗಿ ಎತ್ತಿ, ಬೆರಳು ಕೂಡಿಸಿ, ಒಂದು ಹನಿಯೂ ಚೆಲ್ಲದಂತೆ ಬಾಯಿಗಿಟ್ಟು ತೋರಿಸಿದಳು. ತೋರಿಸಿದ ಮೇಲೆ ಎದುರಿಗೆ ಅಜ್ಜಿ ನಿಂತದ್ದು ನೆನಪಾಯಿತು. ಎರಡನೆಯ ತುತ್ತಿಗೆ ಹೊರಟ ಕೈ ಅರ್ಧದಲ್ಲೇ ನಿಂತಿತು.

ಅತ್ತೆ ಆ ಪುಟ್ಟ ಕೈಯನ್ನು ನೋಡಿದರು. ಅದು ಮೆಲ್ಲಗೆ ಬೆನ್ನ ಹಿಂದೆ ಸರಿಯತೊಡಗಿದ್ದು ನನಗೇ ಕಾಣುತ್ತಿತ್ತು, ಅವರಿಗೆ ಕಾಣದೇ ಇರುತ್ತದೆಯೆ? ಕಾಕಾನ ಕೆಟ್ಟುಹೋದ ಅಂಗಿಯನ್ನೂ ನೋಡಿದರು. ಆಮೇಲೆ ಬಗ್ಗಿ ಮೊಮ್ಮಗಳ ಎಲೆಗೆ ತುಪ್ಪ ಹಾಕಿದರು. ಪೋತ್ನಾಳದವರು ಏನಾದರೂ ಕೇಳುವ ಮೊದಲೇ ಅವರ ಕಡೆ ತಿರುಗಿ ಹೇಳಿದರು.

"ನಮ್ಮ ಮೊಮ್ಮಗಳು ಎಡಚಿ ಅದಾಳ್ರಿ. ಉಣ್ರಿ ನೀವು, ಹುಗ್ಗಿ ಆರಾಕತ್ತದ."

ಅಷ್ಟೇ. ಎಲ್ಲರೂ ಉಂಡರು. ಪೋತ್ನಾಳದವರಿಗೆ ಅದೊಂದು ವಿಷಯವೇ ಆಗಿರಲಿಲ್ಲ. ಅವರ ಗಮನವೆಲ್ಲ ಹುಗ್ಗಿಗೆ ಬೆಲ್ಲ ಒಂದು ಕೈ ಕಡಿಮೆಯಾಗಿದೆ ಎಂಬುದರ ಮೇಲಿತ್ತಂತೆ!

ಪಂಕ್ತಿ ಎದ್ದ ಮೇಲೆ ಕಾಕಾನನ್ನು ನಳದ ಬಳಿಗೆ ಕರೆದುಕೊಂಡು ಹೋಗಿ ಅಂಗಿಯ ತೋಳು ತೊಳೆಯುತ್ತ ನಿಂತೆ. ಇಷ್ಟು ಜನರ ನಡುವೆ ನಗೆಪಾಟಲಾಗಬೇಕಿತ್ತೆ, ಅತ್ತೆಗೆ ನಾಲ್ಕು ಮಾತು ಹೇಳಿದ್ದರೆ ಸಾಲುತ್ತಿರಲಿಲ್ಲವೆ ಎಂದು ಕೇಳಿದೆ. ಕಾಕಾ ಒದ್ದೆ ಕೈಯಿಂದ ಮೀಸೆ ಒರೆಸಿಕೊಂಡರು.

"ಚೀಲದಾಗಿನ ಪುಸ್ತಕ ಎಲ್ಲಾ ಓದಿ ಮುಗಿಸೀನವ್ವಾ. ಎಲ್ಲಾದ್ರಾಗೂ ಕಡೀಕ ಆ ಮನಷಾ ಸೋಲ್ತಾನ. ಯಾಕ ಅಂತ ಭಾಳ ದಿನ ವಿಚಾರ ಮಾಡೀನಿ. ಅವ ಒಬ್ಬವನ ಇರ್ತಾನ. ಬಾಜುಕ ಬಂದು ಕುಂದ್ರವ್ರು ಯಾರೂ ಇರಂಗಿಲ್ಲ."

ನಳದ ನೀರು ಸುರಿಯುತ್ತಲೇ ಇತ್ತು. ಒಳಗೆ ಖಾಲಿಯಾದ ಪಂಕ್ತಿಯಲ್ಲಿ ನನ್ನ ಮಗಳೊಬ್ಬಳೇ ಇನ್ನೂ ಉಣ್ಣುತ್ತಿದ್ದಳು, ಅತ್ತೆ ಕಾಕಾನ ಜಾಗದಲ್ಲಿ ಕೂತಿದ್ದರು. ಇನ್ನಷ್ಟು ಹುಗ್ಗಿ ಬೇಕೆಂದು ಮಗಳು ಬಡಿಸುವವರನ್ನು ಗಟ್ಟಿಯಾಗಿ ಕರೆಯುತ್ತಿದ್ದಳು, ಇಡೀ ಮಂಟಪ ತಿರುಗಿ ನೋಡುವ ಹಾಗೆ.